ಸಾರು ಕುಡಿದ ಬ್ಯಾಗು

ಆಫೀಸಿಗೆ ಒಯ್ಯೋ ಊಟದ ಡಬ್ಬಿ ಇವತ್ತು ಮತ್ತೆ ಚೆಲ್ಲಿತು. ಕಣಿಲೆ (ಎಳೆ ಬಿದಿರು) ಸಾರು! ಹೆಚ್ಚಿ, ನೀರಲ್ಲಿ ನೆನೆಸಿಟ್ಟು, ದಿನಾ ನೀರು ಬದಲಿಸಿ, ಬೆಳಗ್ಗೆ ಐದಕ್ಕೆ ಎದ್ದು ಮಾಡಿದ್ದು. ಮಧ್ಯಾಹ್ನ ನನ್ನ ಪಾಲಿಗೆ ಸಿಕ್ಕಿದ್ದು ಬರೀ ನಾಲ್ಕು ಹೋಳು. ಉಳಿದಿದ್ದನ್ನು ಬ್ಯಾಗು ಕುಡಿದಿತ್ತು.

ಕುಶಾಲನಗರದಿಂದ ಮಡಿಕೇರಿಗೆ ಸುಮಾರು 30 ಕಿಲೋಮೀಟರ್. ಆನೆಕಾಡು ದಾಟುವವರೆಗೂ ಡಬ್ಬಿ ತೆಪ್ಪಗೆ ಕೂತಿರುತ್ತದೆ. ಸುಂಟಿಕೊಪ್ಪ ಕಳೆದು ತಿರುವುಗಳು ಶುರುವಾದವೋ, ಬಸ್ಸು ಎಡಕ್ಕೆ ತಿರುಗಿದರೆ ಸಾರು ಬಲಕ್ಕೆ, ನಾನು ಮಾತ್ರ ಮಗುವನ್ನು ಹಿಡಿದ ಹಾಗೆ ಬ್ಯಾಗನ್ನು ತಬ್ಬಿಕೊಂಡು ಯಾರಿಗೂ ಜಾಗ ಬಿಡದೆ ಕೂತಿರಬೇಕು.

ಡಬ್ಬಿ ಮೇಲೆ ಲೀಕ್ ಪ್ರೂಫ್ ಅಂತ ದಪ್ಪಕ್ಷರದಲ್ಲಿ ಬರೆದಿದ್ದಾರಲ್ಲ, ಟೆಸ್ಟ್ ಮಾಡಿದ್ದೆಲ್ಲಿ, ಮೇಜಿನ ಮೇಲಾ? ಬಿಸಿ ಬಿಸಿ ಹಾಕಿದರೆ ಆವಿ ಮುಚ್ಚಳವನ್ನು ಮೇಲೆ ತಳ್ಳುತ್ತದೆ. ಆರಿದ ಮೇಲೆ ಅದೇ ಮುಚ್ಚಳ ಒಳಕ್ಕೆ ಎಳೆದುಕೊಂಡು ಎಷ್ಟು ಬಿಗಿ ಅಂದರೆ, ತೆಗೆಯೋಕೆ ಆಫೀಸಿನಲ್ಲಿ ಮೂರು ಜನ ಬೇಕು. ಈ ಪೌರುಷ ಬಸ್ಸಲ್ಲಿ ಎಲ್ಲಿ ಹೋಗಿತ್ತು?

ರಬ್ಬರ್ ಬ್ಯಾಂಡ್ ಹಾಕಿದೆ. ಕವರ್ ಮೇಲೆ ಕವರ್ ಸುತ್ತಿದೆ. ಈಗ ಸಾರು ಕವರಿನೊಳಗೇ ಇರುತ್ತದೆ, ಡಬ್ಬಿಯಲ್ಲಿ ಮಾತ್ರ ಇಲ್ಲ. ಪಂದಿ ಕರಿ (ಹಂದಿ ಮಾಂಸದ ಸಾರು) ಒಯ್ದ ದಿನವಂತೂ ಅದಕ್ಕೆ ಹಾಕೋ ಕಪ್ಪು ಹುಳಿ ಕಾಚಂಪುಳಿಯ ಘಮ ಇಡೀ ಬಸ್ಸಿಗೆ, ಹಿಂದಿನ ಸೀಟಿನವರಿಗೂ ನನ್ನ ಊಟದ ಮೆನು ಗೊತ್ತು.

ಬ್ಯಾಗಿನ ಅರಿಶಿನದ ಕಲೆಗೆ ಸೋಪು ಹಚ್ಚಿದರೆ ಅದು ಹೋಗೋ ಬದಲು ಕೆಂಪಾಗಿ ನನ್ನನ್ನೇ ದಿಟ್ಟಿಸುತ್ತದೆ. ತೊಳೆದೆ ಅಂತಲೇ ಇಟ್ಟುಕೊಳ್ಳಿ. ಈ ಮಳೆಯಲ್ಲಿ ಅದು ಒಣಗೋದು ಯಾವಾಗ, ತುಲಾ ಸಂಕ್ರಮಣಕ್ಕಾ?