ಚಿತ್ರ ನೋಡಿ ನಾಣ್ಯ ಕಲಿಯಲಾಗದು

ಹಳೆಯ ನಾಣ್ಯ, ನೋಟುಗಳ ಅಂಗಡಿಯೊಂದು ಮುಚ್ಚಿದ ಬಗ್ಗೆ ಬರೆದ ಲೇಖಕರೊಬ್ಬರು, ಅದರಿಂದ ಸಂಗ್ರಾಹಕರಿಗೆ ನಷ್ಟವೇನಿಲ್ಲ, ಆನ್‌ಲೈನ್ ಹರಾಜಿನಲ್ಲಿ ಎಲ್ಲವೂ ಸಿಗುತ್ತದೆ ಎಂದಿದ್ದಾರೆ. ಆ ಮಾತನ್ನು ನಾನು ಒಪ್ಪಲಾರೆ. ವಸ್ತು ಸಿಗುತ್ತದೆ, ನಿಜ. ಅದನ್ನು ನೋಡುವ ಕಣ್ಣು ಅಲ್ಲಿ ಸಿಗುವುದಿಲ್ಲ. ಒಮ್ಮೆ ನಾನು ಬೆಳ್ಳಿ ನಾಣ್ಯವೊಂದನ್ನು ಫಳಫಳ ಹೊಳೆಯುವಂತೆ ಉಜ್ಜಿ ಇಂಥದೊಂದು ಅಂಗಡಿಗೆ ಒಯ್ದಾಗ, ಅಲ್ಲಿದ್ದ ಹಿರಿಯರು ಅದನ್ನು ಅಂಚು ಹಿಡಿದೆತ್ತಿ, ದೀಪದ ಕೆಳಗೆ ಮೆಲ್ಲನೆ ಹೊರಳಿಸಿ, ಭೂತಗನ್ನಡಿಯಲ್ಲಿ ಕೂದಲೆಳೆಯಂಥ ಗೀರುಗಳನ್ನು ತೋರಿಸಿ, ಉಜ್ಜಿದ ನಾಣ್ಯಕ್ಕೆ ಟಂಕಸಾಲೆಯ ಸಹಜ ಹೊಳಪು ಮತ್ತೆ ಬರುವುದಿಲ್ಲವೆಂದು ತಿಳಿಹೇಳಿದ್ದರು. ಮಡಿಕೆ ಕಾಣದಂತೆ ಒತ್ತಿ ನೇರಗೊಳಿಸಿದ ನೋಟನ್ನು ಓರೆ ಬೆಳಕಿನಲ್ಲಿ ಗುರುತಿಸುವುದನ್ನೂ, ಪಿವಿಸಿ ಎಂಬ ಪ್ಲಾಸ್ಟಿಕ್ಕಿನ ಹಾಳೆಗಳಲ್ಲಿಟ್ಟ ನಾಣ್ಯಕ್ಕೆ ಕಾಲಕ್ರಮೇಣ ಹಸಿರು ಜಿಡ್ಡು ಹತ್ತುತ್ತದೆಂಬುದನ್ನೂ ನಾನು ಕಲಿತದ್ದು ಅದೇ ಕೌಂಟರಿನ ಮುಂದೆ. ಅಮೆರಿಕದ ನಾಣ್ಯತಜ್ಞ ವಿಲಿಯಂ ಶೆಲ್ಡನ್ 1949ರಲ್ಲಿ ರೂಪಿಸಿದ 1ರಿಂದ 70ರ ಮಾನದಂಡವನ್ನು ಆಧರಿಸಿ, ನಾಣ್ಯ ಎಷ್ಟು ಸುಸ್ಥಿತಿಯಲ್ಲಿದೆ ಎಂಬುದಕ್ಕೆ ದರ್ಜೆ ನೀಡಿ, ಪ್ಲಾಸ್ಟಿಕ್ ಕವಚದಲ್ಲಿ ಮೊಹರು ಮಾಡಿದ ನಾಣ್ಯಗಳು ಈ ಕೊರತೆಯನ್ನು ತುಂಬುತ್ತವೆ ಎನ್ನುವವರಿದ್ದಾರೆ. ದುಬಾರಿ ಖರೀದಿಯ ಮಟ್ಟಿಗೆ ಅದು ಸರಿ. ಆದರೆ ಹೊಸಬರು ಆರಂಭಿಸುವುದು ದರ್ಜೆಗೆ ತಗಲುವ ಖರ್ಚಿನಷ್ಟೂ ಬೆಲೆಬಾಳದ ಸಾಧಾರಣ ನಾಣ್ಯಗಳಿಂದ. ಅವನ್ನು ಡಬ್ಬಿಯಲ್ಲಿ ಕೆದಕಿ, ಕೈಯಲ್ಲಿ ಹಿಡಿದು, ಬಲ್ಲವರನ್ನು ಕೇಳಿ ಆರಿಸಿಕೊಳ್ಳುತ್ತಿದ್ದ ಜಾಗವೇ ಈಗ ಇಲ್ಲವಾಗಿದೆ.