ಕಪ್ಪೆಗೆ ಅರಿಶಿನ ಹಚ್ಚಬೇಡಿ

ಮುಂಗಾರು ಕೈಕೊಟ್ಟ ವರ್ಷ ನಮ್ಮ ಎಷ್ಟೋ ಊರುಗಳಲ್ಲಿ ಕಪ್ಪೆಗಳಿಗೆ ಮದುವೆ ಮಾಡುತ್ತಾರೆ. ಅದರ ಹಿಂದಿನ ಆಸೆಗೆ ನನ್ನ ತಕರಾರಿಲ್ಲ, ಬಿತ್ತಿ ಕೂತವರ ಸಂಕಟ ಸಣ್ಣದಲ್ಲ. ತಕರಾರಿರುವುದು ಅರಿಶಿನ, ಕುಂಕುಮ, ಸುತ್ತುವ ಬಟ್ಟೆ ಮತ್ತು ಬಿಸಿಲಿನ ಮೆರವಣಿಗೆಯ ಬಗ್ಗೆ. ಕಪ್ಪೆ ನೀರು ಕುಡಿಯುವುದು ಚರ್ಮದಿಂದ, ಶ್ವಾಸಕೋಶವಿದ್ದರೂ ಉಸಿರಾಟದ ದೊಡ್ಡ ಪಾಲು ನಡೆಯುವುದೂ ಚರ್ಮದಿಂದಲೇ. ಆ ಚರ್ಮಕ್ಕೆ ಪುಡಿ ಬಳಿಯುವುದೆಂದರೆ ಅದರ ಮೂಗು, ಬಾಯಿ ಎರಡಕ್ಕೂ ಬಳಿದ ಹಾಗೆ.

ಮೊದಲು ನೀರಿನ ಮಾತು. ಕಪ್ಪೆ ಕೆರೆಯಲ್ಲೇ ಕೂತಿದ್ದರೂ ಬಾಯಿಂದ ನೀರು ಕುಡಿಯುವುದಿಲ್ಲ. ಅದರ ಕೆಳಹೊಟ್ಟೆ ಮತ್ತು ತೊಡೆಯ ಅಡಿಭಾಗದ ಚರ್ಮ ತೀರಾ ತೆಳು, ಅಲ್ಲಿ ರಕ್ತನಾಳಗಳು ಒತ್ತೊತ್ತಾಗಿವೆ. ಹೂಕುಂಡದ ಒದ್ದೆ ಮಣ್ಣಿನ ಮೇಲೆ ಹಿಂಗಾಲು ಅಗಲಿಸಿ, ಹೊಟ್ಟೆ ಅಂಟಿಸಿಕೊಂಡು ಅಲುಗಾಡದೆ ಕೂತ ಕಪ್ಪೆಯನ್ನು ಕಂಡಿರುತ್ತೀರಿ. ಅದು ನೀರು ಕುಡಿಯುತ್ತಿರುವುದೇ ಹಾಗೆ. ರಕ್ತದಲ್ಲಿ ಲವಣ ಹೆಚ್ಚು, ಹೊರಗಿನ ಸಿಹಿನೀರಿನಲ್ಲಿ ಕಡಿಮೆ, ಹಾಗಾಗಿ ನೀರು ತಾನಾಗಿ ಒಳಗೆ ಇಳಿಯುತ್ತದೆ. ಬಚ್ಚಲಿಗೆ ಬಂದ ಕಪ್ಪೆಯ ಮೇಲೆ ಉಪ್ಪು ಎರಚಿದರೆ ಇದೇ ಲೆಕ್ಕ ತಿರುಗಾಮುರುಗಾ ಆಗಿ, ಮೈಯೊಳಗಿನ ನೀರು ಹೊರಗೆ ಹರಿಯುತ್ತದೆ. ಅದು ಓಡಿಹೋಗುವುದು ಉರಿಯಿಂದ. ಎಷ್ಟೋ ಸಲ ಸಾಯುವುದು ನಮ್ಮ ಕಣ್ಣಿಗೆ ಬೀಳದ ಮೂಲೆಯಲ್ಲಿ.

ಹಿಡಿದ ಕೂಡಲೇ ಕಪ್ಪೆ ಉಚ್ಚೆ ಹೊಯ್ಯುತ್ತದಲ್ಲ, ಜನ ಅಸಹ್ಯಪಡುತ್ತಾರೆ. ಆದರೆ ಅದು ಬಹುಪಾಲು ನೀರೇ. ಮೂತ್ರಕೋಶ ಕಪ್ಪೆಯ ಪಾಲಿನ ತೊಟ್ಟಿ. ಒಣಗಾಲದಲ್ಲಿ ಅಲ್ಲಿಂದಲೇ ನೀರನ್ನು ವಾಪಸು ರಕ್ತಕ್ಕೆ ಎಳೆದುಕೊಂಡು ದಿನ ದೂಡುತ್ತದೆ. ಕಪ್ಪೆ ಮದುವೆ ನಡೆಯುವುದು ಮಳೆಯಿಲ್ಲದ ದಿನಗಳಲ್ಲೇ ತಾನೇ? ಅಂದರೆ ಮಣ್ಣಿನಡಿ, ಕಲ್ಲಿನಡಿ ಕೂಡಿಟ್ಟ ನೀರನ್ನು ಕಾಯ್ದುಕೊಂಡು ಕೂತ ಪ್ರಾಣಿಯನ್ನು ಎಬ್ಬಿಸಿ, ಆ ನೀರನ್ನೂ ಚೆಲ್ಲಿಸುತ್ತೇವೆ.

ಇನ್ನು ಉಸಿರು. ನಮಗಿರುವಂತೆ ಎದೆಗೂಡನ್ನು ಹಿಗ್ಗಿಸುವ ಪಕ್ಕೆಲುಬು ಕಪ್ಪೆಗಿಲ್ಲ, ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುವಿನ ಪರದೆಯಾದ ವಪೆಯೂ ಇಲ್ಲ. ಗಾಳಿಯನ್ನು ಒಳಗೆಳೆದುಕೊಳ್ಳಲು ಬರುವುದಿಲ್ಲ, ತಳ್ಳಬೇಕು. ಬಾಯಿ ಮುಚ್ಚಿಕೊಂಡು ಬಾಯಿಯ ತಳವನ್ನು ಕೆಳಗಿಳಿಸುತ್ತದೆ, ಮೂಗಿನ ಹೊಳ್ಳೆಗಳಿಂದ ಗಾಳಿ ಬಾಯಿಗೆ ಬರುತ್ತದೆ. ಶ್ವಾಸದ್ವಾರ ತೆರೆದು ಹಳೆಯ ಗಾಳಿ ಹೊರಹೋಗುತ್ತದೆ. ಆಮೇಲೆ ಹೊಳ್ಳೆ ಮುಚ್ಚಿ, ತಳವನ್ನು ಮೇಲೆತ್ತಿ ಬಾಯಿಯ ಗಾಳಿಯನ್ನು ಶ್ವಾಸಕೋಶಕ್ಕೆ ನೂಕುತ್ತದೆ. ಸೈಕಲ್ ಪಂಪಿನ ಕೆಲಸವೇ ಇದು. ಫೋಟೋಕ್ಕೆಂದು ಬಾಯಿ ಅಗಲಿಸಿ ಹಿಡಿದರೆ ಪಂಪು ನಿಂತಂತೆ. ಗಂಟಲಿನ ಕೆಳಗೆ ಸದಾ ಪಟಪಟ ಅನ್ನುವ ಮಿಡಿತದಲ್ಲಿ ಹೆಚ್ಚಿನವು ಬರೀ ಬಾಯಿಯ ಗಾಳಿ ಬದಲಿಸುವವು. ಶ್ವಾಸಕೋಶದ ಉಸಿರು ನಡುನಡುವೆ ಬರುತ್ತದೆ, ಆಗ ಪಕ್ಕೆಗಳೂ ಅಲುಗುತ್ತವೆ. ಕಾರ್ಬನ್ ಡೈಆಕ್ಸೈಡ್ ನೀರಿನಲ್ಲಿ ಸುಲಭವಾಗಿ ಕರಗುವುದರಿಂದ ಅದರ ದೊಡ್ಡ ಪಾಲು ಒದ್ದೆ ಚರ್ಮದ ಮೂಲಕವೇ ಹೊರಹೋಗುತ್ತದೆ. ನೀರಿನಡಿ ಇದ್ದಾಗಲಂತೂ ಆಮ್ಲಜನಕಕ್ಕೂ ಚರ್ಮವೇ ಗತಿ.

ಕಪ್ಪೆಯ ಹೃದಯಕ್ಕೆ ಮೂರೇ ಕೋಣೆ, ರಕ್ತ ಬೆರೆಯುತ್ತದೆ, ಆದ್ದರಿಂದ ಅದು ಅಪೂರ್ಣ ಎಂದು ಮಕ್ಕಳಿಗೆ ಕಲಿಸುವುದು ನನಗೆ ಒಪ್ಪಿಗೆಯಿಲ್ಲ. ಚರ್ಮದಲ್ಲಿ ಆಮ್ಲಜನಕ ತುಂಬಿಕೊಂಡ ರಕ್ತ ಬಂದು ಸೇರುವುದು ಬಲ ಹೃತ್ಕರ್ಣಕ್ಕೆ. ನಾವು ‘ಅಶುದ್ಧ’ ಎನ್ನುವ ಕಡೆಯಲ್ಲೇ ಶುದ್ಧ ರಕ್ತವೂ ಬರುವಾಗ ನಡುವೆ ಪೂರ್ತಿ ಗೋಡೆ ಕಟ್ಟಿ ಏನು ಲಾಭ? ಈ ಬದುಕಿಗೆ ಈ ಹೃದಯವೇ ಸರಿ.

ಇಷ್ಟೆಲ್ಲ ನಡೆಯಬೇಕಾದರೆ ಚರ್ಮದ ಮೇಲೆ ಲೋಳೆಯ ತೆಳು ಪದರ ಇರಲೇಬೇಕು. ಒಣ ಪುಡಿ ಆ ಲೋಳೆಯನ್ನು ಹೀರಿ ಅಂಟಿಕೊಳ್ಳುತ್ತದೆ. ಬಟ್ಟೆ ಉಳಿದದ್ದನ್ನು ಒರೆಸುತ್ತದೆ. ಚರ್ಮ ಕೆಟ್ಟರೆ ಕಪ್ಪೆಯ ಗತಿ ಏನಾಗುತ್ತದೆ ಎನ್ನುವುದನ್ನು ಕೈಟ್ರಿಡ್ ಎಂಬ ಶಿಲೀಂಧ್ರ ಜಗತ್ತಿಗೇ ತೋರಿಸಿದೆ. ಅದು ಚರ್ಮದಲ್ಲಷ್ಟೇ ಬೆಳೆಯುತ್ತದೆ. ಆದರೆ ಚರ್ಮ ಲವಣ ಹಿಡಿದಿಡಲಾರದೆ ರಕ್ತದ ಸೋಡಿಯಂ, ಪೊಟ್ಯಾಸಿಯಂ ಇಳಿದು ಕೊನೆಗೆ ಹೃದಯವೇ ನಿಲ್ಲುತ್ತದೆ. ಒಂದು ಕಪ್ಪೆ ಮುಟ್ಟಿದ ಕೈಯಲ್ಲಿ ಇನ್ನೊಂದನ್ನು ಮುಟ್ಟಬೇಡಿ ಅನ್ನುವುದು ಇಂಥ ಸೋಂಕುಗಳಿಂದಾಗಿಯೇ.

ಮದುವೆಯನ್ನು ಅವು ತಾವೇ ಮಾಡಿಕೊಳ್ಳುತ್ತವೆ. ಮೊದಲ ದೊಡ್ಡ ಮಳೆಗೆ ಗೂಳಿಕಪ್ಪೆಯ ಗಂಡು ನಿಂಬೆಹಳದಿಗೆ ತಿರುಗಿ, ಗಂಟಲಿನ ಎರಡೂ ಬದಿಗೆ ನೀಲಿ ಚೀಲ ಉಬ್ಬಿಸಿ ಕೂಗುತ್ತದೆ. ಅರಿಶಿನ ಅದರ ಮೈಯಲ್ಲೇ ಇದೆ.

ಮನೆಗೆ ಕಪ್ಪೆ ಬಂದರೆ ಹೀಗೆ ಮಾಡಿ. ಸೋಪು, ಸ್ಯಾನಿಟೈಸರ್, ಸೊಳ್ಳೆ ಕ್ರೀಮು ಯಾವುದೂ ಇಲ್ಲದ ಕೈಯನ್ನು ಬಾವಿ ಅಥವಾ ಮಳೆನೀರಲ್ಲಿ ನೆನೆಸಿ, ಸೊಂಟದ ಬಳಿ ಮೆತ್ತಗೆ ಹಿಡಿಯಿರಿ. ಮುಟ್ಟಲು ಮನಸ್ಸಿಲ್ಲದಿದ್ದರೆ ಡಬ್ಬ ಕವುಚಿ ಅಡಿಗೆ ರಟ್ಟು ತೂರಿಸಿ. ಬ್ಲೀಚಿಂಗ್ ಪೌಡರ್, ಫಿನಾಯಿಲ್ ಹಾಕುವುದಿದ್ದರೆ ಕಪ್ಪೆಯನ್ನು ಸಾಗಿಸಿದ ಮೇಲೆ ಹಾಕಿ. ನೆಲಗಪ್ಪೆ ಮುಟ್ಟಿದರೆ ನರುಲಿ ಏಳುವುದಿಲ್ಲ, ನರುಲಿ ಮನುಷ್ಯರ ವೈರಸ್ಸಿನಿಂದ ಬರುವುದು. ಆದರೆ ಅದರ ಕಣ್ಣಿನ ಹಿಂದಿನ ಗ್ರಂಥಿಯ ಹಾಲಿನಂಥ ರಸ ಕಣ್ಣಿಗೆ ತಾಗಿದರೆ ಉರಿ, ಹಾಗಾಗಿ ಆಮೇಲೆ ಕೈ ತೊಳೆಯಿರಿ. ಬತ್ತಿಹೋದ ಕಪ್ಪೆ ಸಿಕ್ಕರೆ ಬಾಯಿಗೆ ನೀರು ಹುಯ್ಯಬೇಡಿ. ತಟ್ಟೆಯಲ್ಲಿ ಅರ್ಧ ಸೆಂಟಿಮೀಟರಿನಷ್ಟು ನೀರು ಹಾಕಿ ನೆರಳಲ್ಲಿ ಕೂರಿಸಿ, ಹೊಟ್ಟೆ ತಾಗಿದರೆ ಸಾಕು. ನಲ್ಲಿ ನೀರಾದರೆ ಕ್ಲೋರಿನ್ ಹೋಗಲು ಒಂದು ದಿನ ತೆರೆದಿಟ್ಟದ್ದು ಇರಲಿ. ಚೇತರಿಸಿಕೊಂಡ ಮೇಲೆ, ಸಂಜೆ ಹೊತ್ತಿಗೆ, ಹತ್ತಿರದ ಒದ್ದೆ ಪೊದೆಯಡಿ ಬಿಟ್ಟುಬನ್ನಿ.