ಮೊದಲು ಸ್ಟಾಪ್ ನೋಡಿ, ಟೈಮರ್ ಆಮೇಲೆ

ಅಮೆರಿಕದ ಡ್ರ್ಯಾಗ್ ರೇಸ್ ವಿಡಿಯೊ ನೋಡಿದ ನಮ್ಮ ಕಲಬುರಗಿ ಹುಡುಗರದ್ದು ಒಂದೇ ಪ್ರಶ್ನೆ. ಅಷ್ಟು ದುಡ್ಡು ಸುರಿದು ಕಟ್ಟಿದ ಕಾರಿಗೆ ಓಟದ ನಡುವೆ ಥ್ರಾಟಲ್ ಸ್ಟಾಪ್ (ಇಂಜಿನ್ನಿಗೆ ಹೋಗುವ ಗಾಳಿಯನ್ನು ಸ್ವಲ್ಪ ಹೊತ್ತು ತಡೆಯುವ ಸಾಧನ) ಹಾಕಿ ನಿಧಾನ ಮಾಡೋದು ಯಾಕೆ?

ಯಾಕಂದ್ರೆ ಈ ಸ್ಟಾಪ್ ಬಳಸುವ ಕ್ಲಾಸ್‌ಗಳಲ್ಲಿ ವೇಗ ಒಂದೇ ಸಾಲದು. ಅಮೆರಿಕದ ಡ್ರ್ಯಾಗ್ ರೇಸ್ ಸಂಸ್ಥೆ ಎನ್‌ಎಚ್‌ಆರ್‌ಎಯ ಸೂಪರ್ ಕಾಂಪ್‌ನಲ್ಲಿ ಕಾಲು ಮೈಲಿಗೆ ಗುರಿ 8.90 ಸೆಕೆಂಡ್, ಸೂಪರ್ ಗ್ಯಾಸ್‌ನಲ್ಲಿ 9.90. ಅದಕ್ಕಿಂತ ಬೇಗ ಮುಟ್ಟಿದರೆ ಬ್ರೇಕ್‌ಔಟ್, ಎದುರಾಳಿ ನಿಮಗಿಂತ ಜಾಸ್ತಿ ತಪ್ಪು ಮಾಡದಿದ್ದರೆ ಸೋತಿರಿ. ಅದಕ್ಕೇ ಕಾರು ಹೊರಟ ಮೇಲೆ ಟೈಮರ್ ಹೇಳಿದ ಕ್ಷಣಕ್ಕೆ ಕಾರ್ಬನ್ ಡೈಆಕ್ಸೈಡ್ ಒತ್ತಡದಿಂದಲೋ ಕರೆಂಟಿನಿಂದಲೋ ಸ್ಟಾಪ್ ಮುಚ್ಚುತ್ತದೆ, ಇಟ್ಟಷ್ಟು ಹೊತ್ತು ಇಂಜಿನ್ ಅರ್ಧಂಬರ್ಧ ಎಳೆಯುತ್ತದೆ, ಮತ್ತೆ ಪೂರ್ತಿ ತೆರೆಯುತ್ತದೆ. ಇದೇ ಕೆಲಸ ಪ್ರತಿ ಓಟದಲ್ಲೂ ಕೂದಲೆಳೆ ವ್ಯತ್ಯಾಸವಿಲ್ಲದೆ ಆಗಬೇಕು. ನನಗೆ ಇದು ಟಾಪ್ ಸ್ಪೀಡಿಗಿಂತ ದೊಡ್ಡ ವಿದ್ಯೆ.

ಟೈಮ್ ಏರುಪೇರಾದ ತಕ್ಷಣ ಟೈಮರ್ ತಿರುಗಿಸೋದನ್ನು ಮಾತ್ರ ನಾನು ಒಪ್ಪುವುದಿಲ್ಲ. ಮೊದಲು ಸ್ಲಿಪ್ ಓದಿ, ಅಂದ್ರೆ ಓಟದ ಒಂದೊಂದು ಹಂತದ ಟೈಮ್ ಇರುವ ಚೀಟಿ. ಮೊದಲ 60 ಅಡಿಯ ಟೈಮೇ ಒಂದೊಂದು ಸಲ ಒಂದೊಂದು ಥರ ಇದ್ದರೆ, ಟೈರಿನ ಗಾಳಿ, ಹೊರಡುವಾಗಿನ ಆರ್‌ಪಿಎಂ ನೋಡಿ, ಸ್ಟಾಪ್ ಮುಟ್ಟಬೇಡಿ. 60 ಅಡಿ ಸರಿ ಇದ್ದು 330 ಅಡಿಯಲ್ಲಿ ವ್ಯತ್ಯಾಸ ಬಂತಾ? ಆಗ ಸ್ಟಾಪ್ ಮೇಲೆ ಅನುಮಾನ ಪಡಿ. ಕಾರ್ಬನ್ ಡೈಆಕ್ಸೈಡ್ ಬಾಟಲಿ ಖಾಲಿಯಾಗ್ತಾ ಇದೆಯಾ, ರೆಗ್ಯುಲೇಟರ್ ಒತ್ತಡ ಹಿಡಿದು ನಿಲ್ಲುತ್ತಾ, ಲಿಂಕೇಜ್ ಎಲ್ಲಾದರೂ ಅಂಟುತ್ತಾ, ಮುಚ್ಚಿದಾಗ ಬ್ಲೇಡ್ (ಗಾಳಿ ತಡೆಯುವ ತಟ್ಟೆ) ಅದೇ ಜಾಗಕ್ಕೆ ಬಂದು ಕೂರುತ್ತಾ. ಇಂಜಿನ್ ನೀರಿನ ಬಿಸಿಯೂ ಲೈನಿಗೆ ಬರುವಾಗ ಪ್ರತಿ ಸಲ ಒಂದೇ ಇರಬೇಕು. ಇವೆಲ್ಲ ಸರಿಯಿಲ್ಲದೆ ಟೈಮರ್ ಅಂಕಿ ಬದಲಿಸಿದರೆ ಸುಮ್ನೆ ಕತ್ತಲಲ್ಲಿ ಕಲ್ಲು ಹೊಡೆದಂತೆ.

ಇನ್ನು ಹವೆ. ಕಲಬುರಗಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ ಅಲ್ವಾ, ಮೇ ಮಧ್ಯಾಹ್ನ ಬೈಕ್ ಕೂಡ ಮಂಕಾಗಿ ಎಳೆಯುತ್ತದೆ. ನಮ್ಮೂರು ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರ. 42 ಡಿಗ್ರಿ ಬಿಸಿಲಿನಲ್ಲಿ ಡೆನ್ಸಿಟಿ ಆಲ್ಟಿಟ್ಯೂಡ್ (ಗಾಳಿ ಎಷ್ಟು ತೆಳು ಅನ್ನೋದನ್ನು ಎತ್ತರದ ಲೆಕ್ಕದಲ್ಲಿ ಹೇಳುವ ಅಂಕಿ) ಲೆಕ್ಕ ಹಾಕಿದರೆ 5,000 ಅಡಿ ಹತ್ತಿರ ಬರುತ್ತದೆ, ಡಿಸೆಂಬರಿನ 15 ಡಿಗ್ರಿ ಬೆಳಿಗ್ಗೆ 2,000ದ ಒಳಗೇ. ಗಾಳಿ ತೆಳುವಾದಾಗ ಇಂಜಿನ್ ತಾನೇ ನಿಧಾನವಾಗುತ್ತದೆ, ಸ್ಟಾಪ್ ಮುಚ್ಚಿರುವ ಹೊತ್ತನ್ನು ಕಡಿಮೆ ಮಾಡಬೇಕು. ತಂಪಾದರೆ ಜಾಸ್ತಿ ಮಾಡಬೇಕು.

ಎಷ್ಟು ಅನ್ನೋದು ಬೇರೆಯವರ ಕಾರಿನಿಂದ ತರುವ ಅಂಕಿ ಅಲ್ಲ. ಟೈಮರಿಗೆ 0.10 ಸೆಕೆಂಡ್ ಸೇರಿಸಿದರೆ ಓಟ ಅಷ್ಟೇ ನಿಧಾನವಾಗೋದಿಲ್ಲ, ಅದಕ್ಕಿಂತ ಕಡಿಮೆ. ಸ್ಟಾಪ್ ಎಷ್ಟು ಬಿಗಿಯಾಗಿ ಮುಚ್ಚುತ್ತದೆ ಅನ್ನೋದರ ಮೇಲೆ ಆ ಪ್ರಮಾಣ ನಿಲ್ಲುತ್ತದೆ. ಹವೆ ಬದಲಾಗುವ ಮುಂಚೆ ಬೆನ್ನುಬೆನ್ನಿಗೆ ಓಡಿಸಿ, ಟೈಮರ್ ಒಂದನ್ನೇ ಬದಲಿಸಿ, ಅವತ್ತಿನ ತಾಪಮಾನ, ತೇವಾಂಶ, ಒತ್ತಡದ ಜೊತೆಗೆ ಬರೆದಿಡಿ. ಬ್ಲೇಡಿನ ಜಾಗ ಬದಲಿಸಿದ ದಿನ ಆ ಲೆಕ್ಕ ಪೂರ್ತಿ ಹೊಸದಾಗಿ ಶುರು.